ಮೂರು ಸಾಲಿನ ಹಿಂದೆ ಅಕ್ಕೋರು

ಹೋದ ಆಗಸ್ಟಿನಲ್ಲಿ ನಮ್ಮ ಮನೆ ಎದುರಿನ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಬೆಳಗಿನ ಜಾವ ಸಣ್ಣ ಮಳೆ ಬಿದ್ದು ನೆಲ ಹಸಿಯಾಗಿತ್ತು. ಹಸಿ ನೆಲಕ್ಕೆ ಬಿದ್ದ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಹೋದಳು, ನಾನು ಬೇಡ ಎಂದೆ. ಎಂಬತ್ತು ದಾಟಿದ ಮುದುಕಿಗೆ ಇದೇನು ಹುಚ್ಚು ಎಂದು ಅವಳಿಗೆ ಅನಿಸಿರಬೇಕು. ಹೇಳಿದರೆ ದೊಡ್ಡ ಕತೆ... ಅವಳಿಗೆ ಕೆಲಸಕ್ಕೆ ಹೋಗುವ ಹೊತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರಾಯಚೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಮಗೆ ಲೆಕ್ಕ ಹೇಳಿಕೊಡುತ್ತಿದ್ದ ಅಕ್ಕೋರು ಒಬ್ಬರಿದ್ದರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು, ಅವರ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ತೀರ ಚಿಕ್ಕ ವಯಸ್ಸಿನಲ್ಲಿ ಗಂಡ ಹೋಗಿದ್ದ. ಬರಿ ಹಣೆ, ಬರಿ ಕೈ, ಅಂಚಿಲ್ಲದ ಬಿಳಿ ಸೀರೆ. ಬೆಳಿಗ್ಗೆ ಅವರು ಶಾಲೆಗೆ ಬರುವುದನ್ನು ಕಂಡರೆ ಓಣಿಯ ಹೆಂಗಸರು ಬಾಗಿಲೊಳಗೆ ಸರಿಯುತ್ತಿದ್ದರು. ಏನೋ ಕೆಲಸಕ್ಕೆಂದು ಹೊರಟ ಗಂಡಸರು ನಿಂತುಬಿಟ್ಟು, ಅವರು ದಾಟಿದ ಮೇಲೆ ಚಪ್ಪಲಿ ಮೆಟ್ಟುತ್ತಿದ್ದರು. ಅಕ್ಕೋರು ಕಂಡೂ ಕಾಣದ ಹಾಗೆ ಬೀದಿಯ ನಟ್ಟನಡುವೆ ಬಿರಬಿರನೆ ಬರುತ್ತಿದ್ದರು. ಬದಿಗೆ ಸರಿದು ನಡೆದದ್ದನ್ನು ನಾನು ಎಂದೂ ನೋಡಿಲ್ಲ.

ಅದು ನಲವತ್ತೊಂಬತ್ತನೇ ಇಸವಿ. ಹಿಂದಿನ ವರ್ಷ, ನಿಜಾಮರ ಆಳ್ವಿಕೆಯ ಕೊನೆಯ ತಿಂಗಳುಗಳಲ್ಲಿ, ನಾವಿನ್ನೂ ದೇವದುರ್ಗದ ಕಡೆಯ ಗಬ್ಬೂರಿನಲ್ಲಿದ್ದೆವು. ರಜಾಕಾರರ ಗದ್ದಲದ ಸುದ್ದಿ ಬಂದಾಗಲೆಲ್ಲ ನನ್ನನ್ನು ಹಗೇವಿನೊಳಗೆ ಇಳಿಸಿ ಅದರ ಬಾಯಿಗೆ ಕಲ್ಲು ಮುಚ್ಚುತ್ತಿದ್ದರು. ಜೋಳ ತುಂಬಿಡುವ ನೆಲದ ಗುಂಡಿ ಅದು. ಒಳಗೆ ಕತ್ತಲೆ, ಬೂಷ್ಟು ಹಿಡಿದ ಕಾಳಿನ ನಾತ, ಮೇಲೆ ಯಾರದೋ ಕಾಲ ಸಪ್ಪಳ. ಅಪ್ಪನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ... ಭಾರತದ ಸೈನ್ಯ ಬಂದ ಮೇಲೆ ಆ ಅಂಜಿಕೆ ಓಣಿ ಬದಲಿಸಿತು. ನನ್ನ ಓರಗೆಯ ಸಾಬರ ಹುಡುಗಿಯರು ತಿಂಗಳುಗಟ್ಟಲೆ ಕದ ಹಾಕಿಕೊಂಡು ಕೂತರು. ಒಟ್ಟಿನಲ್ಲಿ ಆ ವರ್ಷ ಹುಡುಗಿಯರೆಲ್ಲ ಎಲ್ಲೋ ಒಂದು ಕಡೆ ಮುಚ್ಚಿಕೊಂಡೇ ಇದ್ದೆವು. ಆಮೇಲೆ ಅಪ್ಪ ಹತ್ತಿ ಗಿರಣಿಗೆ ಬಂಡಿ ಹೊಡೆಯುವ ಕೆಲಸ ಹಿಡಿದು ನಮ್ಮನ್ನು ರಾಯಚೂರಿಗೆ ತಂದ.

ಆ ಬೇಸಿಗೆ ಮುಗಿಯುವಾಗ ಗಂಡುಹುಡುಗರ ಹೈಸ್ಕೂಲಿನಲ್ಲಿ ಕೆಡೆಟ್ ದಳ ಶುರುವಾಯಿತು. ಖಾಕಿ ಚಡ್ಡಿ, ಬೂಟು, ಕವಾಯತು ಮುಗಿದ ಮೇಲೆ ತಿನ್ನಲು ಪೂರಿ. ಹುಡುಗರು ಬೀದಿಯಲ್ಲಿ ಮೈ ನೆಟ್ಟಗೆ ಮಾಡಿಕೊಂಡು ತಿರುಗುತ್ತಿದ್ದರು. ನಮ್ಮ ಅಕ್ಕೋರು ಹೆಡ್‌ಮಾಸ್ತರರ ಮುಂದೆ ಹೋಗಿ, ಹುಡುಗಿಯರಿಗೆ ಯಾಕಿಲ್ಲ ಎಂದು ಕೇಳಿದರು. ಅವರು ನಕ್ಕರು. ಅಕ್ಕೋರು ರಜೆ ಹಾಕಿ, ರೈಲು ಹತ್ತಿ, ಹೈದರಾಬಾದಿನ ದಳದ ಕಚೇರಿಗೇ ಹೋಗಿ ಕೇಳಿ ಬಂದರು. ಅಲ್ಲಿ ಯಾರೂ ನಗಲಿಲ್ಲವಂತೆ. ಮೊದಲು ನಡೆಸಿ ತೋರಿಸಿ, ಆಗಸ್ಟ್ ಹದಿನೈದಕ್ಕೆ ನಮ್ಮ ಅಧಿಕಾರಿ ಬಂದು ನೋಡುತ್ತಾರೆ, ಅವರು ಒಪ್ಪಿದರೆ ಸರ್ಕಾರದ ದಳ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು ಎಂದರಂತೆ.

ಮರುದಿನ ತರಗತಿಗೆ ಬಂದು ಲೆಕ್ಕದ ಪುಸ್ತಕ ಮುಚ್ಚಿಟ್ಟರು.

"ಹೋದ ವರ್ಷ ನಿಮ್ಮನ್ನ ಹಗೇದಾಗ ಇಳಿಸಿ ಮುಚ್ಚಿದ್ರು, ಕ್ವಾಣ್ಯಾಗ ಹಾಕಿ ಕೀಲಿ ಹಾಕಿದ್ರು. ಈ ವರ್ಷ ಬೀದ್ಯಾಗ ನಡೀಬೇಕು. ಯಾರ್‍ಯಾರು ಬರ್ತೀರಿ, ಏಳ್ರಿ."

ಮೊದಲು ಎದ್ದವಳು ನಾನು. ಧೈರ್ಯ ಇತ್ತೆಂದಲ್ಲ, ಕೂತು ಕೂತು ಸಾಕಾಗಿತ್ತು.

ದಳ ಕಟ್ಟಿದ್ದು ಹೀಗೆ. ಆಗ ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಹುಡುಗಿಯರಿಗೆ ಮುಂದಿನ ಓದಿಗೆ ಶಾಲೆ ಇರಲಿಲ್ಲ. ಓದಬೇಕೆಂದವರು ರಾಯಚೂರಿನಲ್ಲಿ ಚಿಗವ್ವನ ಮನೆ, ಅತ್ತೆಯ ಮನೆ ಎಂದು ಉಳಿದುಕೊಳ್ಳುತ್ತಿದ್ದರು. ಕವಾಯತಿಗೆ ಮೂರು ಸಾಲು ಬೇಕು. ಅಕ್ಕೋರು ರಾಯಚೂರಿನದೊಂದು, ಮಾನ್ವಿಯದೊಂದು, ದೇವದುರ್ಗದ್ದೊಂದು ಸಾಲು ಮಾಡಿದರು. ಪ್ರತಿ ಸಾಲಿಗೂ ಒಬ್ಬಳು ಮುಖಂಡೆ. ಒಬ್ಬಳು ಬರದಿದ್ದರೆ ಅವಳ ಮನೆಗೆ ಹೋಗಿ ಎಬ್ಬಿಸಿಕೊಂಡು ಬರುವುದು ಆ ಸಾಲಿನವರ ಕೆಲಸ. ಮಾನ್ವಿಯವರು ಬಸ್ಸು ಹೋಗೇಬಿಟ್ಟಿತು ಎನ್ನುವ ಹಾಗೆ ನಡೆಯುತ್ತಿದ್ದರು. ದೇವದುರ್ಗದವರಾದ ನಾವು ಬಸ್ಸು ಇವತ್ತು ಬರುವುದೇ ಇಲ್ಲ ಎನ್ನುವ ಹಾಗೆ. ರಾಯಚೂರಿನವರು ಎಲ್ಲಿಂದಲೋ ಅತ್ತೆ ನೋಡುತ್ತಿದ್ದಾಳೆ ಎನ್ನುವ ಹಾಗೆ. ಮೂರೂ ಸಾಲನ್ನು ಒಂದೇ ಹೆಜ್ಜೆಗೆ ತರಲು ಅಕ್ಕೋರಿಗೆ ಸಾಕುಬೇಕಾಯಿತು. ಶಾಲೆಯ ಹಿಂದಿನ ಎರೆ ನೆಲದ ಮೇಲೆ ತಾವೇ ಸುಣ್ಣದಲ್ಲಿ ಮೂರು ಗೆರೆ ಎಳೆದು ಅದರ ಮೇಲೆ ನಡೆಸಿದರು. ಬರಿಗಾಲು ಸುಣ್ಣಕ್ಕೆ ಒಡೆದು ಉರಿಯುತ್ತಿತ್ತು. ರಾತ್ರಿ ಎಣ್ಣೆ ಹಚ್ಚಿಕೊಂಡು ಬೆಳಿಗ್ಗೆ ಮತ್ತೆ ಅದೇ ಗೆರೆ.

ಅವರಿಗೆ ತಾನೇ ಕವಾಯತು ಎಲ್ಲಿ ಬರುತ್ತಿತ್ತು? ಹುಡುಗರ ದಳಕ್ಕೆ ಕಲಿಸುತ್ತಿದ್ದ ಹವಾಲ್ದಾರರ ಮನೆಗೆ ಹೋಗಿ ಕಲಿತರು. ಯುದ್ಧದಿಂದ ಬಂದಿದ್ದ ವಯಸ್ಸಾದ ಸಾಬರು ಅವರು. ಒಂದೆರಡು ಸಲ ಅಕ್ಕೋರು ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. ಹವಾಲ್ದಾರರು ಹೊಸ್ತಿಲ ಆಚೆ ಕೂತು, ನೆಲದ ಮೇಲೆ ಶೇಂಗಾಕಾಯಿಗಳನ್ನು ಮೂರು ಸಾಲು ಹೊಂದಿಸಿ, ಬಲಕ್ಕೆ, ಎಡಕ್ಕೆ, ಹಿಂದಕ್ಕೆ ಎಂದು ತಿರುಗಿಸಿ ತೋರಿಸುತ್ತಿದ್ದರು. "ಬಾಯಿ, ಕದಮ್ ಬಡಾ ನಕ್ಕೋ, ಬರಾಬರ್ ಹೋನಾ" ಎನ್ನುತ್ತಿದ್ದರು. ಅಮ್ಮಾ, ಹೆಜ್ಜೆ ದೊಡ್ಡದು ಬೇಡ, ಸಮ ಇರಲಿ ಅಂತ. ಪಾಠ ಮುಗಿದ ಮೇಲೆ ಆ ಶೇಂಗಾ ನಾನು ತಿನ್ನುತ್ತಿದ್ದೆ. ಬಂದೂಕಿನ ಬದಲು ನಮಗೆ ತೊಗರಿ ಕಟ್ಟಿಗೆ, ಪೂರಿಯ ಬದಲು ಮಂಡಾಳು, ಅಂದರೆ ಮಂಡಕ್ಕಿ, ಮತ್ತು ಪುಟಾಣಿ, ಅದೂ ಅಕ್ಕೋರ ಸಂಬಳದಲ್ಲಿ. ನಾವು ಉಡುತ್ತಿದ್ದ ಉದ್ದ ಲಂಗ, ಪರಕಾರ, ಕಾಲಿಗೆ ತೊಡರುತ್ತದೆಂದು ಎಲ್ಲರದ್ದೂ ಗೇಣುದ್ದ ಮೇಲೆ ಮಡಚಿ ಹೊಲಿಸಿದರು. ಅದಕ್ಕೇ ಓಣಿಯಲ್ಲಿ ಅರ್ಧ ಗದ್ದಲ ಎದ್ದಿತ್ತು. ಆದರೆ ನಿಜವಾದ ಗದ್ದಲ ಪರಕಾರದ್ದಲ್ಲ.

ದಳದ ಮುಂದೆ ಒಬ್ಬರೇ ನಡೆಯಬೇಕು, ಅವರೇ ಹುಕುಂ ಕೊಡಬೇಕು. ಅಕ್ಕೋರು ಮುಂದೆ, ಹಿಂದೆ ನಾವು. ಬಯಲಿನಲ್ಲಿ ಅಭ್ಯಾಸ ಮಾಡುವಷ್ಟು ದಿನ ಯಾರೂ ಏನೂ ಅನ್ನಲಿಲ್ಲ. ಅಧಿಕಾರಿ ಬರುವ ದಿನ ದಳ ಬಜಾರಿನಲ್ಲೇ ನಡೆಯುತ್ತದೆ ಎಂದು ಗೊತ್ತಾದ ಮೇಲೆ ಒಂದು ಮಧ್ಯಾಹ್ನ ಹೆಂಗಸರ ಗುಂಪು ಶಾಲೆಗೆ ಬಂತು. ಮುಂದಾಳು ಬೇರೆ ಯಾರೂ ಅಲ್ಲ, ನನ್ನ ಅಜ್ಜಿ. ಅವಳೂ ಗಂಡನನ್ನು ಕಳೆದುಕೊಂಡವಳೇ. ಮನೆಯಲ್ಲಿ ಯಾವ ಶುಭಕಾರ್ಯ ಆದರೂ ತಾನಾಗಿಯೇ ಅಡುಗೆಮನೆಯ ಮೂಲೆ ಹಿಡಿದು, ಕರೆದರೂ ಹೊರಗೆ ಬಾರದವಳು.

"ತಪ್ಪು ತಿಳೀಬ್ಯಾಡ್ರಿ ಅಕ್ಕೋರ" ಎಂದಳು ಅಜ್ಜಿ. "ಹುಡುಗೂರು ನಡೀಲಿ, ನಾವು ಬ್ಯಾಡ ಅನ್ನಂಗಿಲ್ಲ. ಆದ್ರ ಎಲ್ಲಾವೂ ಮದುವಿ ಆಗಬೇಕಾದ ಕೂಸುಗಳು. ನಿಮ್ಮ ಹೆಜ್ಜಿ ಹಿಂದ ಅವು ಹೆಜ್ಜಿ ಇಟ್ಟು ಊರ ತುಂಬ ತಿರುಗಿದ್ರ ಯಾರು ತೊಗೋತಾರ? ನನ್ನ ಮಮ್ಮಗಳಿಗಿ ಮಾನ್ವಿದಾಗ ಮಾತು ನಡದದ."

"ನಾ ಮುಂದ ನಡದ್ರ?" ಎಂದರು ಅಕ್ಕೋರು.

"ನಾಳಿಂದ ಒಬ್ರೂ ಬರಂಗಿಲ್ರಿ."

ಅಕ್ಕೋರು ಜಗಳ ಮಾಡುತ್ತಾರೆಂದು ನಾನು ಕಾಯುತ್ತಿದ್ದೆ. ಹೈದರಾಬಾದಿಗೆ ಹೋಗಿ ಕೇಳಿ ಬಂದವರು, ಈ ಅಜ್ಜಿ ಯಾವ ಲೆಕ್ಕ? ಅವರು ಬಯಲ ಕಡೆ ನೋಡಿದರು. ಹುಡುಗಿಯರು ಮನೆಯಲ್ಲಿ ಕೂತರೆ ದಳವೇ ಇಲ್ಲ, ನೋಡಲು ಅಧಿಕಾರಿಗೆ ಏನೂ ಇರುವುದಿಲ್ಲ. "ಆತು. ನಾ ಎಲ್ಲಾರ ಹಿಂದ ಬರ್ತೀನಿ. ಅಷ್ಟರ ಬಿಡ್ತೀರಿಲ್ಲ?" ಎಂದರು. ಹೆಂಗಸರು ಬಿಟ್ಟರು. ಮುಂದೆ ನಡೆದು ಹುಕುಂ ಕೊಡುವ ಕೆಲಸವನ್ನು ಅಕ್ಕೋರು ನನಗೆ ಕೊಟ್ಟರು.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಅಜ್ಜಿಯ ಜೊತೆ ಮಾತು ಬಿಟ್ಟೆ. ಮಾರನೇ ದಿನ, ನಾನು ಮುಂದೆ ನಡೆಯುವುದಿಲ್ಲ ಎಂದು ಅಕ್ಕೋರ ಮುಂದೆ ಹಟ ಹಿಡಿದೆ.

"ಸಿಟ್ಟು ಬಂದದೇನು? ಬರ್ಲಿ" ಎಂದರು ಅವರು. "ಅದನ್ನ ಬಾಯಾಗ ಇಟಗೋಬ್ಯಾಡ. ಕಾಲಾಗ ಇಟಗೊಂಡು ನಡಿ."

ನಡೆದೆ. ನಮ್ಮ ಸೀಮೆಗೆ ಅದು ಮೊದಲನೆಯ ಆಗಸ್ಟ್ ಹದಿನೈದು. ಬಜಾರಿನ ಎರಡೂ ಬದಿ ಜನವೋ ಜನ. ಹುಡುಗರ ದಳ ಮುಂದೆ ಹೋಯಿತು, ಚಪ್ಪಾಳೆ ಬಿತ್ತು. ನಾವು ಬಂದಾಗ ಚಪ್ಪಾಳೆಯೂ ಇಲ್ಲ, ನಗೆಯೂ ಇಲ್ಲ. ಏನು ಮಾಡಬೇಕೆಂದು ಜನಕ್ಕೇ ತಿಳಿಯಲಿಲ್ಲ. ಮೂರು ಸಾಲು ಬಿಳಿ ಪರಕಾರ, ಹೆಗಲ ಮೇಲೆ ತೊಗರಿ ಕಟ್ಟಿಗೆ, ಒಂದೇ ಹೆಜ್ಜೆ. ಎಲ್ಲರ ಹಿಂದೆ, ನಾವೆಬ್ಬಿಸಿದ ಧೂಳು ಕುಡಿಯುತ್ತ, ಅಕ್ಕೋರು. ಕೋಟೆಯ ಮಗ್ಗುಲಿನ ಬಯಲಿನಲ್ಲಿ ಅಧಿಕಾರಿಗೆ ಕಟ್ಟೆ ಕಟ್ಟಿದ್ದರು. ಅದನ್ನು ದಾಟುವಾಗ ಯಾರೋ ಅಧಿಕಾರಿಗೆ "ಈ ಹುಡುಗಿಯೇ ನಾಯಕಿ" ಎಂದು ನನ್ನನ್ನು ತೋರಿಸಿದ್ದು ಕಿವಿಗೆ ಬಿತ್ತು. ಅವರು ಮೆಚ್ಚಿರಬೇಕು. ತಿರುಗಿಸಿ ಇನ್ನೊಮ್ಮೆ ಕಟ್ಟೆಯ ಮುಂದೆ ನಡೆಸಿ ಎಂದು ಹವಾಲ್ದಾರರ ಕೈಲಿ ಕೂಗಿಸಿದರು.

ಇದಕ್ಕೊಂದು ಕ್ರಮವಿದೆ. ಮುಂದಿನವಳು ಬಳಸಿ ತಿರುಗಿದರೆ ಮೂರೂ ಸಾಲು ಹಾವಿನ ಹಾಗೆ ಅವಳ ಹಿಂದೆಯೇ ಬಳಸಿಕೊಂಡು ಬರುತ್ತದೆ. ಮುಂದಿದ್ದವಳು ಮುಂದೆಯೇ ಉಳಿಯುತ್ತಾಳೆ. ನಾನು ಕೊಡಬೇಕಾಗಿದ್ದ ಹುಕುಂ ಅದು. ಬಾಯಿ ತೆರೆದಾಗ ಕಟ್ಟೆಯ ಬದಿಗೆ, ಹೆಂಗಸರ ನಡುವೆ, ಅಜ್ಜಿ ಕಂಡಳು. ನನ್ನನ್ನು ನೋಡಿ ಹೆಮ್ಮೆಯಿಂದ ತಲೆದೂಗುತ್ತಿದ್ದಳು.

"ಪೀಛೇ ಮುಡ್" ಎಂದು ಕೂಗಿದೆ.

ಈ ಹುಕುಮಿಗೆ ಯಾರೂ ಬಳಸಿ ಬರುವುದಿಲ್ಲ. ಪ್ರತಿಯೊಬ್ಬರೂ ನಿಂತ ಜಾಗದಲ್ಲೇ ಹಿಂದಕ್ಕೆ ತಿರುಗುತ್ತಾರೆ, ಬಾಲ ಇದ್ದದ್ದು ತಲೆಯಾಗುತ್ತದೆ. ಮೂರೂ ಸಾಲು ಒಂದೇ ಏಟಿಗೆ ತಿರುಗಿತು. ಅಕ್ಕೋರೂ ತಿರುಗಿದರು. ಇಷ್ಟು ದಿನ ತಾವೇ ಕಲಿಸಿದ್ದು, ಕಾಲು ಕೇಳಬೇಕಲ್ಲ. ತಿರುಗಿದ ಮೇಲೆ ಅವರ ಮುಂದೆ ಯಾರೂ ಇರಲಿಲ್ಲ. ಬರಿ ಬಯಲು, ಕಟ್ಟೆ, ಊರ ಜನ. ಅವರು ಬದಿಗೆ ಸರಿಯಬಹುದಿತ್ತು, ಹೆಂಗಸರಿಗೆ ಕೊಟ್ಟ ಮಾತೊಂದು ಇತ್ತು. ಅಧಿಕಾರಿ ಇದನ್ನು ಗೊಂದಲ ಎಂದುಕೊಂಡರೆ ದಳ ಅಲ್ಲೇ ಮುಗಿಯುತ್ತಿತ್ತು. ಎಲ್ಲರಿಗಿಂತ ಹಿಂದೆ ಬಿದ್ದಿದ್ದ ನನಗೆ ಅವರ ಮುಖ ಕಾಣಲಿಲ್ಲ. ಸಾಲುಗಳ ಸಂದಿಯಲ್ಲಿ ಬಿಳಿ ಸೀರೆಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ನೆಟ್ಟಗಾಯಿತು. ಅಕ್ಕೋರು ನಡೆದರು. ನಾವು ಅವರ ಹೆಜ್ಜೆಯ ಹಿಂದೆ ಹೆಜ್ಜೆ ಇಟ್ಟೆವು, ಎಲ್ಲ ಅವ್ವಂದಿರ, ಅಜ್ಜಿಯರ ಕಣ್ಣ ಮುಂದೆ. ಅಧಿಕಾರಿ ಎದ್ದು ನಿಂತು ಸಲ್ಯೂಟ್ ಮಾಡಿದರು. ಅವರಿಗೆ ಒಳಗಿನ ಸುದ್ದಿ ಏನೂ ಗೊತ್ತಿರಲಿಲ್ಲ. ದಳದ ಮುಂದೆ ನಡೆದವರು ಎದುರಿಗೆ ಬಂದರು, ಇವರು ಸಲ್ಯೂಟ್ ಮಾಡಿದರು, ಅಷ್ಟೇ.

ದಳಕ್ಕೆ ಒಪ್ಪಿಗೆ ಸಿಕ್ಕಿತು. ಮಾರನೇ ದಿನ ಅಕ್ಕೋರು ನನ್ನನ್ನು ಹೊಗಳುತ್ತಾರೆಂದು ನೆಟ್ಟಗೆ ನಿಂತಿದ್ದೆ. "ಹೇಳದ ಹುಕುಂ ಕೊಡಾಕ ದಳಂದ್ರ ನಿಮ್ಮಪ್ಪನ ಬಂಡಿ ಅಂತ ತಿಳಕೊಂಡಿಯೇನು? ಓಡು" ಎಂದು, ಬಿಸಿಲಿನಲ್ಲಿ ಬಯಲು ಸುತ್ತಿಸಿದರು. ನಾಲಿಗೆ ಹೊರಗೆ ಹಾಕಿಕೊಂಡು ಬಂದಾಗ ನನ್ನ ಪಾಲಿನ ಮಂಡಾಳು ಸೆರಗಿನಲ್ಲಿ ಎತ್ತಿಟ್ಟಿದ್ದರು.

ಮಾನ್ವಿಯ ಸಂಬಂಧ ಮುರಿಯಿತು. ಅಪ್ಪ ಒಂದು ವಾರ ನನ್ನ ಕಡೆ ತಿರುಗಿ ನೋಡಲಿಲ್ಲ. ಕೆಲವರು ಹುಡುಗಿಯರನ್ನು ದಳ ಬಿಡಿಸಿದರು. ಮಾನ್ವಿ ಸಾಲು ಬರಿದಾಗುತ್ತ ಬಂದಾಗ ಅಕ್ಕೋರು ಆಗಿನ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಪೋತ್ನಾಳ, ಮಲ್ಲಟ ಎಂದು ಊರೂರು ತಿರುಗಿ ಹೊಸ ಹುಡುಗಿಯರನ್ನು ತಂದರು. ನಾನು ಶಾಲೆ ಬಿಡುವ ತನಕ ದಳದ ಮುಂದೆ ಅವರೇ ನಡೆದರು, ಕೇಳಲು ಯಾವ ಗುಂಪೂ ಬರಲಿಲ್ಲ. ಅಜ್ಜಿ ಬಹಳ ದಿನ ಬಿಗುಮಾನದಲ್ಲೇ ಇದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಅಷ್ಟು ಮಂದಿ ಮುಂದ ನಡಿಯಾಗ ಆಕಿಗಿ ಅಂಜಿಕಿ ಆಗಲಿಲ್ಲೇನು?"

"ಗೊತ್ತಿಲ್ಲಬೇ. ನನಗ ಬೆನ್ನಷ್ಟ ಕಂಡಿದ್ದು" ಎಂದೆ.

ಅಜ್ಜಿ ಸಾಯುವ ತನಕ ಅಡುಗೆಮನೆಯ ಮೂಲೆ ಬಿಡಲಿಲ್ಲ. ಆ ಪ್ರಶ್ನೆಯನ್ನು ಮಾತ್ರ ನಾನು ಮರೆತಿಲ್ಲ.

ನಾನೂ ಓದಿ ಟೀಚರಾದೆ, ತಡವಾಗಿ ಮದುವೆಯೂ ಆಯಿತು. ಅಕ್ಕೋರಿಗೆ ವರ್ಗವಾಯಿತು, ಎಲ್ಲೆಲ್ಲೋ ಇದ್ದರು... ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಅವರು ಹೋದ ಸುದ್ದಿ ನನಗೆ ತಲುಪಿದ್ದು ದಿನಕರ್ಮ ಎಲ್ಲ ಮುಗಿದ ಮೇಲೆ. ಅವತ್ತು ಅಡುಗೆ ಮಾಡಲಿಲ್ಲ, ಅಷ್ಟೇ ನನ್ನಿಂದ ಆದದ್ದು.

ನನ್ನ ಯಜಮಾನರು ಹೋಗಿ ಆರು ವರ್ಷ. ಹೋದ ತಿಂಗಳು ಪಕ್ಕದ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಆ ಮನೆಯ ಸೊಸೆ ಬಹಳ ಒಳ್ಳೆಯ ಹುಡುಗಿ. ನನ್ನ ಕೈ ಹಿಡಿದು ಕರೆದೊಯ್ದು, "ಅಜ್ಜೀ, ಇಲ್ಲಿ ಫ್ಯಾನಿನ ಗಾಳಿ ಅದ, ಆರಾಮ ಕೂಡ್ರಿ" ಎಂದು ಎಲ್ಲರ ಹಿಂದೆ, ಗೋಡೆಗೆ ಹತ್ತಿ ಕುರ್ಚಿ ಹಾಕಿ ಕೂಡಿಸಿದಳು. ಮುತ್ತೈದೆಯರು ಮುಂದೆ ತೊಟ್ಟಿಲ ಸುತ್ತ ನಿಂತಿದ್ದರು. ನಾನು ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು, ಅವರ ನಡುವೆ ದಾರಿ ಮಾಡಿಕೊಂಡು ಹೋಗಿ, ತೊಟ್ಟಿಲ ಹಗ್ಗ ಹಿಡಿದೆ. ಅಂದು ನನ್ನ ಅಜ್ಜಿ ಕೇಳಿದ ಅಂಜಿಕೆ ನನಗಿತ್ತು. ಹಗ್ಗ ಬಿಡದೆ ತೂಗಿದೆ.

ಯಾರೂ ಏನೂ ಅನ್ನಲಿಲ್ಲ. ಅನ್ನುವವರೆಲ್ಲ ಸತ್ತುಹೋಗಿದ್ದಾರೆ. ಹೋಗಿ ಇದನ್ನು ಹೇಳೋಣ ಎಂದರೆ ಅಕ್ಕೋರೂ ಇಲ್ಲ.