ಸರೋಜಮ್ಮನವರ ಉತ್ತರ

ಕಳೆದ ತಿಂಗಳು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಒಬ್ಬಾತ ಟ್ಯೂಷನ್ ಸೆಂಟರಿನ ಪೋಸ್ಟರ್ ಅಂಟಿಸುತ್ತಿದ್ದ. ಪಕ್ಕದ ಬಕೆಟ್ಟಿನಲ್ಲಿ ಮೈದಾ ಗೋಂದು. ಇಲಿ, ಜಿರಳೆ ಮುಟ್ಟದಿರಲಿ ಎಂದು ಅದಕ್ಕೆ ಚೂರು ಮೈಲುತುತ್ತ ಹಾಕಿ ಕಾಯಿಸುತ್ತಾರೆ. ಆ ಹುಳಿವಾಸನೆ ಮೂಗಿಗೆ ಬಡಿಯಿತು, ನೋಡಿ. ನಾನು ಹತ್ತಬೇಕಿದ್ದ ಗೌರಿಬಿದನೂರಿನ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಬೇರೆಯವರ ಯೌವನಕ್ಕೆ ಮಲ್ಲಿಗೆಯ ವಾಸನೆ ಇರುತ್ತದಂತೆ. ನನ್ನದಕ್ಕೆ ಗೋಂದಿನದು.

ಆಗ ಇದೇ ಊರಿನ ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ವಾರಪತ್ರಿಕೆಯ ಕಚೇರಿ ಇತ್ತು. ನಾಲ್ಕೇ ಪುಟ. ಸಂಪಾದಕರು ರಹೀಂ ಸಾಹೇಬರು. ಅವರ ಹಿರಿಯರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು. ಮನೆಯಲ್ಲಿ ಉರ್ದು, ಮಾರುಕಟ್ಟೆಯಲ್ಲಿ ತೆಲುಗು, ಪತ್ರಿಕೆಯಲ್ಲಿ ಮಾತ್ರ ಅಲ್ಪಪ್ರಾಣ ಮಹಾಪ್ರಾಣ ತಪ್ಪದ ಕನ್ನಡ. ಬಿ.ಎ. ಮುಗಿಸಿದ ನನ್ನ ಒತ್ತಕ್ಷರಗಳನ್ನು ಅವರೇ ತಿದ್ದುತ್ತಿದ್ದರು. ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಕುಳಿತು ವಿಳಾಸದ ಚೀಟಿಗಳಿಗೆ ಗೋಂದು ಬಳಿದು, ಕಟ್ಟುಗಳನ್ನು ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಬಸ್ಸುಗಳಿಗೆ ಹಾಕುತ್ತಿದ್ದೆವು.

ಮೂರು ಪುಟ ತುಂಬುವುದು ಕಷ್ಟವಾಗಿರಲಿಲ್ಲ. ತಾಲ್ಲೂಕು ಕಚೇರಿ, ರೇಷ್ಮೆಗೂಡಿನ ಮಾರುಕಟ್ಟೆ, ಕೆರೆ ಒತ್ತುವರಿ ಇದ್ದೇ ಇದ್ದವು. ನಾಲ್ಕನೆಯ ಪುಟದ್ದೇ ಪೇಚು. ಒಂದು ವಾರ ಅಲ್ಲಿ ಅಂಗೈಯಗಲ ಜಾಗ ಖಾಲಿ ಉಳಿಯಿತು. "ಹೆಂಗಸ್ರಿಗೆ ಅಂತ ಏನಾದ್ರೂ ಬರಿಯಪ್ಪ" ಎಂದರು ಸಾಹೇಬರು. ಹಾಗೆ ಹುಟ್ಟಿದವರು 'ತೊಂಡೇಬಾವಿ ಸರೋಜಮ್ಮ'. ಅನ್ನಕ್ಕೆ ಎಸರಿಡಲೂ ಬಾರದ ನಾನು, ಅಮ್ಮನನ್ನು ಕೇಳಿಕೊಂಡು ಬಂದು, ಸರೋಜಮ್ಮನಾಗಿ ಉಪ್ಸಾರು ಮಾಡುವುದನ್ನು ಹೇಳಿಕೊಟ್ಟೆ. ಜನ ಮೆಚ್ಚಿದರು. ಆಮೇಲೆ ಕಾಗದಗಳು ಬರತೊಡಗಿದವು. ಅತ್ತೆಯ ಕಾಟ, ಗಂಡನ ಕುಡಿತ, ಮಗಳ ಹಟ, ಎಲ್ಲಕ್ಕೂ ಸರೋಜಮ್ಮನ ಹತ್ತಿರ ಮದ್ದಿತ್ತು. ಇಪ್ಪತ್ತಾರು ವರ್ಷದ, ಮದುವೆಯಾಗದ ಸರೋಜಮ್ಮ! ಹೋಟೆಲಿನಲ್ಲಿ ಯಾರಾದರೂ "ಆಯಮ್ಮ ಏನ್ ಬರೀತಾಳಪ್ಪ" ಎಂದರೆ ನಾನು ಕಾಫಿ ಲೋಟದೊಳಗೇ ಮುಖವಿಟ್ಟು ಹಿಗ್ಗುತ್ತಿದ್ದೆ.

ಹತ್ತಿರದ ಹಳ್ಳಿ ಮಂಡಿಕಲ್ಲಿನಿಂದ ಒಂದು ಕಾಗದ ಬಂತು. ನೋಟ್‌ಬುಕ್ಕಿನ ಹಾಳೆ, ದುಂಡನೆಯ ಅಕ್ಷರ. ಮದುವೆಯಾಗಿ ಎರಡು ವರ್ಷ, ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ, ಕೋಲಾರದಲ್ಲಿ ಹಾಸ್ಟೆಲಿನಲ್ಲಿರಬೇಕು, ಗಂಡ ಸುಮ್ಮನಿದ್ದಾರೆ, ಮಾವನವರಿಗೆ ಇಷ್ಟವಿಲ್ಲ, ಹೋಗಲೋ ಬೇಡವೋ? ಆ ವಾರ ಜಾಗ ಮೂರು ಸಾಲಿಗಷ್ಟೇ ಇತ್ತು. ಉದ್ದಕ್ಕೆ ಯೋಚಿಸಲು ನನಗೂ ಪುರುಸೊತ್ತಿರಲಿಲ್ಲ. 'ತಂಗೀ, ಮನೆ ಉಳಿದರೆ ಎಲ್ಲವೂ ಉಳಿದಂತೆ. ಕೆಲಸ ಮತ್ತೆ ಸಿಕ್ಕೀತು, ಹಿರಿಯರ ಮನಸ್ಸು ಮುರಿದರೆ ಸಿಕ್ಕದು' ಎಂದು ಬರೆದೆ. ಸಾಲು ಅಳತೆಗೆ ಸರಿಯಾಗಿ ಕೂತಿತೆಂದು ಖುಷಿಯಾಯಿತು.

ಹತ್ತು ದಿನಗಳಾಗಿರಬಹುದು. ಹೆಗಲಿಗೊಂದು ಚೀಲ ಹಾಕಿಕೊಂಡು ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತಳು.

"ಸರೋಜಮ್ಮ ಅನ್ನೋರು ಇದಾರಾ? ನಾನು ಲಕ್ಷ್ಮೀದೇವಿ, ಮಂಡಿಕಲ್ಲು. ಕಾಗ್ದ ಬರ್ದಿದ್ದೆ."

ರಹೀಂ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿಬಿಟ್ಟೆ: "ಅವ್ರು ಮಗಳ ಮನೆಗೆ ಹಿಂದೂಪುರಕ್ಕೆ ಹೋಗವ್ರೆ. ಬರೋದು ಎರಡು ತಿಂಗಳಾಗುತ್ತೆ."

ಆಕೆ ಹೆಗಲಿನ ಚೀಲ ಇಳಿಸಿದಳು. "ಎರಡು ತಿಂಗ್ಳಾ" ಎಂದಳು. ಚೀಲದಲ್ಲಿದ್ದ ಅವರೆಕಾಯಿಯನ್ನು ಮೇಜಿನ ಮೇಲೆ ಸುರಿದು, "ಅವ್ರಿಗೇ ಅಂತ ತಂದಿದ್ದೆ, ನೀವೇ ತಗೊಳ್ಳಿ" ಎಂದು ಹೊರಟುಹೋದಳು.

ಸಾಹೇಬರು ಒಂದು ಕಾಯಿಯನ್ನೂ ಮುಟ್ಟಲಿಲ್ಲ. "ಸುದ್ದಿ ತಪ್ಪಾದ್ರೆ ಮುಂದಿನ್ ವಾರ ತಿದ್ದುಪಡಿ ಹಾಕ್ಬೋದು. ಇದುಕ್ಕೆ ಎಲ್ಲಪ್ಪ ಹಾಕ್ತೀಯ?" ಎಂದರು. ಮುಂದಿನ ವಾರದಿಂದ ಸರೋಜಮ್ಮನ ಅಂಕಣ ನಿಂತಿತು. ಅವರೆಕಾಯಿಯನ್ನು ನಾನು ಮನೆಗೆ ಒಯ್ದೆ. ಅಮ್ಮ ಸಾರು ಮಾಡಿದಳು, ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಪತ್ರಿಕೆಯ ಉಳಿದ ಚರಿತ್ರೆ ಚಿಕ್ಕದು. ನಮ್ಮದು ಜಿಲ್ಲೆಯಾಗಲಿ ಎಂದು ವರ್ಷಗಟ್ಟಲೆ ಬರೆದೆವು. ಜಿಲ್ಲೆಯಾಯಿತು. ದೊಡ್ಡ ಪತ್ರಿಕೆಗಳು ಜಿಲ್ಲೆಗೇ ಒಂದು ಪುಟ ಕೊಟ್ಟವು, ನಮ್ಮನ್ನು ಕೊಳ್ಳುವವರು ಇಲ್ಲವಾದರು. ಸಾಹೇಬರು ಬಾಗಿಲು ಹಾಕಿದರು; ಎರಡು ವರ್ಷಕ್ಕೆ ತೀರಿಕೊಂಡರು. ನಾನು ಖಾಸಗಿ ಶಾಲೆಯೊಂದರ ಮೇಷ್ಟರಾಗಿ, ನಿವೃತ್ತನೂ ಆದೆ. ಬುದ್ಧಿ ಬಲಿಯದ ವಯಸ್ಸಿನಲ್ಲಿ ಬರೆದ ಮೂರು ಸಾಲು, ಆಕೆ ಅದನ್ನು ಆಗಲೇ ಮರೆತಿರಬಹುದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಬಸ್ಸು ತಪ್ಪಿದ ಆ ದಿನ ಅದೇಕೋ ಆ ಸಮಾಧಾನ ನಿಲ್ಲಲಿಲ್ಲ. ಗೌರಿಬಿದನೂರು ಬಿಟ್ಟು, ಮಂಡಿಕಲ್ಲಿನ ಬಸ್ಸು ಹತ್ತಿ ಹೋದೆ. ಎರಡು ಅಂಗಡಿಗಳಲ್ಲಿ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಲಕ್ಷ್ಮೀದೇವಮ್ಮನವರು ಜಗಲಿಯಲ್ಲಿ ಕುಳಿತು ಸೇವಂತಿಗೆ ಆರಿಸುತ್ತಿದ್ದರು. ಕೂದಲು ಪೂರ್ತಿ ನರೆತಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಮಾವ ಆ ಪೇಪರ್ನ ಇಡೀ ಮನೇಗೆ ಕೇಳಂಗೆ ಗಟ್ಟಿಯಾಗಿ ಓದಿದ್ರು ಸಾರ್. ದೊಡ್ಡ ಹೆಂಗ್ಸು, ತಿಳ್ದೋಳು, ಪೇಪರ್‌ನಲ್ಲೇ ಹೇಳವ್ಳೆ ಅಂದ್ರು. ಸರೋಜಮ್ಮನ ಕಾಲ್ ಹಿಡ್ದಾದ್ರೂ ಮನೇಗೆ ಕರ್ಕೊಂಡು ಬಂದು, ಹೋಗ್ಲಿ ಬಿಡಿ ಅಂತ ಒಂದ್ ಮಾತು ಹೇಳ್ಸಣ ಅಂತ ಬಂದಿದ್ದೆ ಅವತ್ತು. ಸೇರ್ಕೊಳಕ್ಕೆ ಇನ್ನೂ ಎಂಟು ದಿನ ಟೈಮಿತ್ತು."

ಅವರು ಒಂದು ಬಾಡಿದ ಹೂವನ್ನು ಪಕ್ಕಕ್ಕೆ ಹಾಕಿದರು.

"ನಾನೇ ಬರ್ದಿದ್ದು ಅಂತ ನೀವು ಅವತ್ತೇ ಅಂದಿದ್ರೆ ಸಾಕಿತ್ತು. ಮದ್ವೆನೂ ಆಗ್ದಿರೋ ಹುಡ್ಗನ ಮಾತು ಅದು ಅಂತ ಮನೇಲಿ ಹೇಳಿ, ಕೋಲಾರದ ಬಸ್ ಹತ್ತುತಿದ್ದೆ."

ಇಷ್ಟು ವರ್ಷ ನಾನು ಮರುಗಿದ್ದು ಆ ಮೂರು ಸಾಲಿಗೆ. ಹಿಂದೂಪುರದ ಮಾತನ್ನು ಸಣ್ಣ ಸುಳ್ಳೆಂದು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಒಳಗಿನಿಂದ ಅವರ ಸೊಸೆ ಬಂದು, "ಯಾರತ್ತೆ ಬಂದಿರೋದು?" ಎಂದಳು.

ಲಕ್ಷ್ಮೀದೇವಮ್ಮನವರು ಹೂವಿನಿಂದ ತಲೆಯೆತ್ತಲಿಲ್ಲ. "ಸರೋಜಮ್ಮ ಕಣೇ. ಕಾಫಿ ಕೊಡು" ಎಂದರು.

ಸೊಸೆ ನನ್ನ ನರೆತ ಮೀಸೆಯನ್ನು ನೋಡಿದಳು. ಲಕ್ಷ್ಮೀದೇವಮ್ಮನವರೂ ನಾನೂ ನಗಲಿಲ್ಲ.