ಮಾಧವರಂನ ಓನರಮ್ಮ

ನಮ್ಮ ಓನರಮ್ಮ ಶಂಕ್ರಮ್ಮನವರನ್ನು ನಾನು ಮೊದಲು ಕಂಡಾಗ ಅವರು ಮದ್ರಾಸಿನ ಮಾಧವರಂನ ಖಾಲಿ ಪೋರ್ಷನ್ನೊಂದರಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು. ಅದು ೧೯೯೯ರ ಬೇಸಿಗೆ. ನನ್ನ ಗಂಡ ದಿನೇಶ್‌ಗೆ ಅಂಬತ್ತೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ನಾವು ಮೈಸೂರಿನಿಂದ ಬಂದು ಬಾಡಿಗೆ ಮನೆ ಹುಡುಕುತ್ತಿದ್ದೆವು. ಒಳಗೆ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಚಾಪೆ, ಸ್ಟೌ, ನಾಲ್ಕು ಪಾತ್ರೆ, ಅಷ್ಟೇ.

“ಈ ಮನೇಲಿ ಆಗ್ಲೇ ಯಾರೋ ಇದಾರಲ್ರೀ,” ಎಂದು ನಾನು ದಿನೇಶ್‌ಗೆ ಹೇಳಿದ್ದು ಕೇಳಿ ಅವರ ಮುಖ ಅರಳಿತು.

“ಕನ್ನಡದವ್ರಾ? ಬರ್ರಿ, ಕುಂದರ್ರಿ. ನಾನ ಓನರು. ನಾಲ್ಕ ದಿನ ಇದ್ದು ನೋಡಲಾರದ ಮನೀನ ಮಂದಿಗೆ ಹೆಂಗ ಕೊಡ್ಲಿ?”

ಅವರ ಕ್ರಮವೇ ಹಾಗೆ. ಬ್ಯಾಡಗಿಯ ಕಡೆಯವರು. ಗಂಡ ಮುರುಗೆಪ್ಪನವರಿಗೆ ಮದ್ರಾಸಿನಲ್ಲಿ ಒಣಮೆಣಸಿನಕಾಯಿಯ ವ್ಯಾಪಾರ. ತವರಿನಿಂದ ಪಾಲಿಗೆ ಬಂದ ಹೊಲ ಮಾರಿ, ಗಂಡ ಬೇಡವೆಂದರೂ ಕೇಳದೆ, ಶಂಕ್ರಮ್ಮ ಈ ನಾಲ್ಕು ಪೋರ್ಷನ್ನಿನ ಸೋರುವ ಮನೆಯನ್ನು ಕೊಂಡಿದ್ದರು. ಒಂದು ಪೋರ್ಷನ್ ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುವುದು, ಆ ಬಾಡಿಗೆಯಲ್ಲಿ ಮುಂದಿನದಕ್ಕೆ ಕೈಹಾಕುವುದು. ಪ್ರತಿ ಸಲವೂ ತಾವೇ ಅಲ್ಲಿ ಅಡುಗೆ ಮಾಡಿ, ಸ್ನಾನ ಮಾಡಿ, ಮಲಗಿ ಎದ್ದು ನೋಡುತ್ತಿದ್ದರು. ಒಗ್ಗರಣೆಯ ಘಾಟು ಹೊರಗೆ ಹೋಗದಿದ್ದರೆ ಕಿಟಕಿ ಒಡೆಸುತ್ತಿದ್ದರು. ಬಚ್ಚಲಲ್ಲಿ ನೀರು ನಿಂತರೆ ನೆಲ ಕೀಳಿಸುತ್ತಿದ್ದರು. “ತಿರುಂಬವುಮಾಮ್ಮಾ?” ಮತ್ತೊಮ್ಮೆಯಾ ಎಂದು ಮೇಸ್ತ್ರಿ ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ಕುಳ್ಳಿ. ನನ್ನನ್ನು ಅಡುಗೆಕಟ್ಟೆಯ ಮುಂದೆ ನಿಲ್ಲಿಸಿ ನೋಡಿ, ಆ ವಾರವೇ ಕಟ್ಟೆ ತಗ್ಗಿಸಿಕೊಟ್ಟರು.

ನೀರಿಗೆ ಹಾಹಾಕಾರವೆದ್ದ ೨೦೦೩ರಲ್ಲಿ, ಟ್ಯಾಂಕರ್ ಬರುವ ದಿನ ಶಂಕ್ರಮ್ಮ ಬೆಳಿಗ್ಗೆಯೇ ಬಸ್ ಹತ್ತಿ ಬಂದುಬಿಡುತ್ತಿದ್ದರು. ನಾಲ್ಕೂ ಮನೆಯ ಡ್ರಮ್ಮು ತುಂಬುವವರೆಗೆ ಪೈಪು ಹಿಡಿದೇ ನಿಲ್ಲುತ್ತಿದ್ದರು. ಅಷ್ಟು ದೂರ ಎಲ್ಲಿಂದ ಬರುತ್ತಾರೆಂದು ನಾನು ಕೇಳಿರಲೇ ಇಲ್ಲ. ಗೊತ್ತಾದದ್ದು ೨೦೦೬ರಲ್ಲಿ. ಅವರು ಇಷ್ಟು ವರ್ಷವೂ ಸೌಕಾರ್‌ಪೇಟೆಯ ಸಂದಿಯೊಂದರಲ್ಲಿ, ಗೋಡೌನಿನ ಮೇಲಿನ ಬಾಡಿಗೆ ಮನೆಯಲ್ಲಿದ್ದರು. ಆ ಕಟ್ಟಡ ಮಾರಾಟವಾಗಿ, ಮನೆ ಬಿಡಬೇಕಾಗಿ ಬಂದಿತ್ತು.

ಮನೆ ನೋಡಲು ನನ್ನನ್ನೂ ಪೆರಂಬೂರಿಗೆ ಕರೆದೊಯ್ದರು. ಅಲ್ಲಿನ ಒಡತಿ, ಎಷ್ಟು ಜನ, ನೆಂಟರು ಬರುತ್ತಾರಾ ಎಂದೆಲ್ಲ ಕೇಳಿದಳು. ಶಂಕ್ರಮ್ಮ ಉತ್ತರ ಕೊಡುತ್ತಲೇ ನಲ್ಲಿ ತಿರುಗಿಸಿದರು, ತೇವ ಇದೆಯೇ ಎಂದು ಗೋಡೆಗೆ ಅಂಗೈ ಒತ್ತಿದರು. ಒಡತಿಗೆ ರೇಗಿತು. ಬಾಡಿಗೆಗೆ ಬಂದಿದ್ದೀರೋ, ಕೊಂಡುಕೊಳ್ಳಲು ಬಂದಿದ್ದೀರೋ ಎಂದು ತಮಿಳಿನಲ್ಲಿ ಗದರಿ ಬಾಗಿಲು ತೋರಿಸಿದಳು.

ಮೆಟ್ಟಿಲಿಳಿಯುವಾಗ ಶಂಕ್ರಮ್ಮ ನಕ್ಕರು. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಕಣ್ಣು ತುಂಬಿತ್ತು. “ಗ್ವಾಡಿ ಮುಟ್ಟಿದ್ದಕ್ಕ ಇಷ್ಟ ಸಿಟ್ಟು ನೋಡ ತಂಗಿ,” ಎಂದರು.

ನನಗೆ ತಡೆಯಲಾಗಲಿಲ್ಲ. “ನಾಲ್ಕು ಪೋರ್ಷನ್ ಇಟ್ಕೊಂಡು ನೀವ್ಯಾಕಮ್ಮ ಹೀಗೆ ಅಲೀಬೇಕು? ನಾವು ಬೇರೆ ಕಡೆ ನೋಡ್ಕೋತೀವಿ. ನೀವು ಬಂದ್ಬಿಡಿ.”

“ನಿನ್ನ ಮಗಳು ಆ ಓಣ್ಯಾಗ ಸಾಲಿಗೆ ಹೊಂಟಾಳ. ಇದ್ದವ್ರನ್ನ ಎಬ್ಬಿಸಿ ನಾ ಕುಂದ್ರೂದಾ? ಬ್ಯಾಡ.” ಸೆರಗಿನಿಂದ ಮುಖ ಒರೆಸಿಕೊಂಡರು. ಬಸ್ಸು ಬರುವ ಹೊತ್ತಿಗೆ ತೀರ್ಮಾನವಾಗಿತ್ತು. “ಮ್ಯಾಲೆ ಕಟ್ಟಿಸ್ತೀನಿ.”

ಹಳೆಯ ಮಾಳಿಗೆ ಭಾರ ತಡೆಯದೆಂದು ಮೇಸ್ತ್ರಿ ಹಿತ್ತಲಲ್ಲಿ ಕಂಬ ಎಬ್ಬಿಸಿ, ಅವುಗಳ ಮೇಲೆ ಎರಡು ಕೋಣೆ ಕಟ್ಟಿದ. ಮುಗಿಯುವತನಕ ಗಂಡಹೆಂಡತಿ, ಮಗಳು ನೆಂಟರ ಮನೆಯಲ್ಲಿದ್ದರು. ಮನೆಯೆಂದರೆ ಮೂಗು ಮುರಿಯುತ್ತಿದ್ದ ಮುರುಗೆಪ್ಪನವರೇ ಮಧ್ಯಾಹ್ನ ಅಂಗಡಿ ಬಿಟ್ಟು ಬಂದು, ಪಂಚೆ ಎತ್ತಿಕಟ್ಟಿ ಹೊಸ ಗೋಡೆಗಳಿಗೆ ನೀರು ಹಾಕುತ್ತಿದ್ದರು. ಶ್ರಾವಣ ಸೋಮವಾರ ಗೃಹಪ್ರವೇಶ. ಅಂಗಳದಲ್ಲಿ ಎಲೆ ಹಾಕಿ ನಾಲ್ಕೂ ಮನೆಯವರಿಗೆ ಹೋಳಿಗೆ. ಶಂಕ್ರಮ್ಮ ಮಾತ್ರ ಕೂರಲೊಲ್ಲರು; ಕಂಬ ಹಾಕಿದ್ದರಿಂದ ನಮ್ಮ ಅಡುಗೆಮನೆಗೆ ಬೆಳಕು ಕಡಿಮೆಯಾಯಿತೇ ಎಂದು ನೋಡುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದ ಅವರ ಮಗಳು ಬಿಂದು, “ಪೋದುಮ್ಮಾ, ಉಕ್ಕಾರು!” ಸಾಕಮ್ಮ, ಕೂತುಕೋ ಎಂದು ಕೈಹಿಡಿದೆಳೆದು ಕೂರಿಸಿದಳು.

ಆಮೇಲಿನ ಮೂರು ವರ್ಷ ನಮ್ಮ ಪಾಲಿನ ಒಳ್ಳೆಯ ಕಾಲ. ತಾರಸಿಯಲ್ಲಿ ಮೆಣಸಿನಕಾಯಿ ಹರವಿದ ದಿನ ಕೆಳಗೆ ನಾವೆಲ್ಲ ಸೀನುತ್ತಿದ್ದೆವು. ಸಂಜೆ ಮೆಟ್ಟಿಲ ಮೇಲೆ ಕೂತರೆ ಅವರ ಬ್ಯಾಡಗಿ, ನನ್ನ ಮೈಸೂರು, ಪಕ್ಕದ ಮನೆಯವರ ತಿರುನೆಲ್ವೇಲಿ ಎಲ್ಲ ಮಾತಿಗೆ ಬರುತ್ತಿದ್ದವು.

೨೦೦೯ರಲ್ಲಿ ದಿನೇಶ್‌ಗೆ ಹೊಸೂರಿಗೆ ವರ್ಗವಾಯಿತು. ಲಾರಿಗೆ ಸಾಮಾನು ತುಂಬಿದ ಮೇಲೆ ಶಂಕ್ರಮ್ಮ ನನ್ನ ಮಗಳಿಗೆ ಶೇಂಗಾ ಉಂಡಿಯ ಡಬ್ಬಿ ಕೊಟ್ಟು, “ಅಲ್ಲಿ ಮನೀ ಹೆಂಗೈತಿ?” ಎಂದು ನನ್ನನ್ನು ಕೇಳಿದರು. ಇನ್ನೂ ಸರಿಯಾಗಿ ನೋಡಿಲ್ಲ ಎಂದೆ.

“ನೋಡಲಾರದ ಹೊಂಟೀಯಾ?” ಎಂದು ಬೈದರು. ಮುಂದಿನ ವಾರ ಬಿಂದುವನ್ನು ಕರೆದುಕೊಂಡು, ಬಸ್ಸಿನಲ್ಲಿ ಹೊಸೂರಿಗೆ ಬಂದೇಬಿಟ್ಟರು.