ಅಕ್ಕ ಬಾಯಿ ಕಟ್ಟಿದ ತಪಸ್ಸುಕಾಲ

ಮನುಷ್ಯನ ಗುಣ ತಿದ್ದಬಲ್ಲದ್ದು ತ್ಯಾಗವೊಂದೇ ಎಂದು ಹಿರಿಯರು ಹೇಳುತ್ತಾರೆ. ಅದರಂತೆ ನಾನು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿವರ್ಷ ಕಾಫಿಗೆ ಸಕ್ಕರೆ ತ್ಯಜಿಸುತ್ತೇನೆ. ಡಾಕ್ಟರು ಅದನ್ನು ವರ್ಷಪೂರ್ತಿ ಬಿಡಿಸಿ ಬಹಳ ಕಾಲವಾಯಿತು. ಎದುರುಮನೆಯವರು ಮಾಂಸ ಬಿಟ್ಟು ಮೀನಿಗೆ ತಿರುಗುತ್ತಾರೆ. ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ವೈರಾಗ್ಯಕ್ಕೆ ಹುರಿದ ಮೀನಿನ ವಾಸನೆ ಇರುತ್ತದೆ.

ನಿಜವಾದ ತ್ಯಾಗಕ್ಕೆ ಕೈಹಾಕಿದವಳು ನನ್ನ ಅಕ್ಕ. ಭಾವ ತೀರಿಕೊಂಡ ಮೇಲೆ ಆಕೆ ನಮ್ಮ ಜೊತೆಯೇ ಇದ್ದಾಳೆ. ಹೋದ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಚರ್ಚಿನಿಂದ ಬಂದವಳೇ, ಹಣೆಯ ಮೇಲಿನ ಬೂದಿಯ ಶಿಲುಬೆ ಅಳಿಸುವ ಮೊದಲೇ ಘೋಷಿಸಿದಳು: "ಈಸ್ಟರ್ ಆಗೋವರ್ಗೂ ಇನ್ನೊಬ್ರ ವಿಷ್ಯ ನನ್ ಬಾಯಲ್ಲಿ ಬರಲ್ಲ."

ನನ್ನ ಹೆಂಡತಿ ಸೌಟು ಹಿಡಿದೇ ನಿಂತಳು. "ಯಾಕಕ್ಕಾ, ಮಾಂಸ ಬಿಟ್ರೆ ಸಾಲ್ದಾ?"

"ಮಾಂಸ ಯಾರ್ ಬೇಕಾದ್ರೂ ಬಿಡ್ತಾರೆ ಕಣೇ."

ಯಾರ ಮಗ ಯಾರ ಜೊತೆ ಓಡಾಡುತ್ತಿದ್ದಾನೆ, ಯಾರ ಮನೆಯ ಬೋರ್‌ವೆಲ್ ಬತ್ತಿತು, ಯಾವುದೂ ತಿಳಿಯದೆ ನಾವು ಅಜ್ಞಾನದಲ್ಲಿ ಬದುಕತೊಡಗಿದೆವು. ಊಟದ ಹೊತ್ತಿಗೆ ಬಿಸಿಲಿನ ವಿಷಯ ಮಾತಾಡುತ್ತಿದ್ದೆವು. ಅದು ಎರಡು ತುತ್ತಿಗೆ ಮುಗಿದುಹೋಗುತ್ತಿತ್ತು. ಅಕ್ಕ ಮಾತ್ರ ಚರ್ಚಿನಲ್ಲಿ ಮುಂದಿನ ಸಾಲಿಗೆ ಬಂದು ಕೂರಲಾರಂಭಿಸಿದಳು.

ತಪಸ್ಸುಕಾಲದಲ್ಲಿ ವಾರಕ್ಕೊಂದು ಸಂಜೆ ಯಾರದಾದರೂ ಮನೆಯಲ್ಲಿ ಪ್ರಾರ್ಥನಾಕೂಟ ನಡೆಸುವುದು ನಮ್ಮಲ್ಲಿನ ಪದ್ಧತಿ. ಜಪಸರದ ಪ್ರಾರ್ಥನೆ ಮುಗಿದ ಮೇಲೆ ಕಣ್ಣುಮುಚ್ಚಿ, ಯಾರಿಗಾಗಿ ಏನು ಬೇಡಬೇಕೋ ಅದನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಬೇಡಿಕೊಳ್ಳುತ್ತಾರೆ. ಆ ವಾರ ಕೂಟ ಪಕ್ಕದ ಮನೆಯಲ್ಲಿತ್ತು. ಪಕ್ಕದ ಮನೆಯಾಕೆ ಸ್ಕೂಲ್ ಟೀಚರ್. ಆಕೆಯ ಮಗಳಿಗೆ ಯಲಹಂಕದ ಹುಡುಗನೊಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗನ ತಾಯಿಯೂ ಬಂದು ಗೌರವದ ಕುರ್ಚಿಯಲ್ಲಿ ಕೂತಿದ್ದರು.

ಅಕ್ಕನ ಸರದಿ ಬಂತು. ಆಕೆ ವ್ರತ ಹಿಡಿದದ್ದು ಮನುಷ್ಯರ ಹತ್ತಿರ ಮಾತಾಡುವುದಿಲ್ಲವೆಂದು. ದೇವರ ಹತ್ತಿರ ಅಲ್ಲವಲ್ಲ.

"ಪ್ರಭುವೇ, ಈ ಮನೆ ಮಗೂನ ನೋಡು. ಒಂದ್ಸಲ ನಿಶ್ಚಿತಾರ್ಥ ಆಗಿ ಮುರ್ದೋಗಿ ಎಷ್ಟ್ ಅತ್ತಿದೆ ಅಂತ ನಿಂಗೇ ಗೊತ್ತು. ಈ ಸಂಬಂಧನಾದ್ರೂ ಗಟ್ಟಿಯಾಗಿರ್ಲಪ್ಪಾ."

ಎಲ್ಲರೂ ಆಮೆನ್ ಅಂದರು. ಹುಡುಗನ ತಾಯಿ ಎಲ್ಲರಿಗಿಂತ ಮೊದಲು ಆಮೆನ್ ಅಂದು, ಆಮೇಲೆ ಕಣ್ಣು ತೆರೆದರು. ಹಳೆಯ ನಿಶ್ಚಿತಾರ್ಥದ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ.

ಅವರು ಟೀಚರ ಮನೆಯ ಟೀ ಮುಟ್ಟಲಿಲ್ಲ. ನೇರ ನಮ್ಮ ಮನೆಗೆ ಬಂದು ಅಕ್ಕನ ಎದುರು ಕೂತರು. "ಯಾಕ್ ಮುರೀತು ಅಂತ ನಿಮ್ಗೆ ಗೊತ್ತಿರುತ್ತೆ. ಹೇಳಿ."

ಅಕ್ಕನಿಗೆ ಗೊತ್ತಿತ್ತು. ಹಳೆಯ ಹುಡುಗ ಕುಡಿದು ಬಂದು ಹುಡುಗಿಯ ಮೇಲೆ ಕೈಯೆತ್ತಿದ್ದ. ಹುಡುಗಿಯೇ ಉಂಗುರ ಬಿಚ್ಚಿ ಕೊಟ್ಟಿದ್ದಳು. ಆವತ್ತು ಅಕ್ಕ ಅಲ್ಲೇ ಇದ್ದಳು. ಆದರೆ ಈಗ ಆಕೆ ಕಣ್ಣು ತಗ್ಗಿಸಿ, "ಇನ್ನೊಬ್ರ ವಿಷ್ಯ ನಾನ್ ಮಾತಾಡಲ್ಲಮ್ಮ, ವ್ರತ" ಅಂದಳು. ಇಂಥ ಅಕ್ಕನೇ ಬಾಯಿ ಬಿಡುವುದಿಲ್ಲವೆಂದರೆ ವಿಷಯ ಎಂಥದ್ದಿರಬೇಕು! ಮರುದಿನ ಯಲಹಂಕದಿಂದ ಟೀಚರಿಗೆ ಫೋನು ಬಂತು: ಸ್ವಲ್ಪ ಯೋಚನೆ ಮಾಡಬೇಕು.

ಟೀಚರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು. "ನಾನ್ ಹೇಳಿದ್ರೆ ಹೆತ್ತೋಳ್ ಮಾತು ಅಂತಾರೆ. ಕಣ್ಣಾರೆ ಕಂಡೋರು ನೀವು. ಒಂದ್ಸಲ ಹೇಳಿ ಅಕ್ಕಾ."

"ಈಸ್ಟರ್ ಆಗ್ಲಿ, ನಾನೇ ಹೋಗಿ..."

"ಅಷ್ಟ್ರಲ್ಲಿ ಅವ್ರು ಬೇರೆ ಹುಡ್ಗಿ ನೋಡಿರ್ತಾರೆ. ಸುಮ್ನಿರ್ಬೇಕಾದಾಗ ಊರಿಗೆಲ್ಲಾ ಕೇಳೋ ಹಂಗೆ ಪ್ರಾರ್ಥನೆ ಮಾಡಿದ್ರಿ. ಈಗ ವ್ರತ ಅಂತೀರಿ. ಯಾರಿಗೋಸ್ಕರ ಈ ವ್ರತ?"

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಏನ್ ಮಾಡ್ಲೋ?" ಅಂದಳು.

"ಫಾದರ್‌ನ ಕೇಳು."

"ಫಾದರ್ ಏನಂತಾರೆ ಅಂತ ನಂಗೊತ್ತು. ಅದಕ್ಕೇ ಕೇಳ್ತಿಲ್ಲ."

ಹರಟೆ ಬಿಡುವುದು ಆಕೆಗೆ ಕಷ್ಟವಾಗಿತ್ತು. ಹರಟೆ ಬಿಟ್ಟವಳೆಂಬ ಹೆಸರನ್ನು ಬಿಡುವುದು ಅದಕ್ಕಿಂತ ಕಷ್ಟವೆಂದು ಆ ಮಧ್ಯಾಹ್ನ ಕಂಡಿತು. ಚರ್ಚು ಕೇಳುವುದು ಬಹುಶಃ ಎರಡನೆಯದನ್ನೇ. ಆದರೆ ಅದಕ್ಕೆ ಯಾರೂ ಹಣೆಗೆ ಬೂದಿ ಹಚ್ಚುವುದಿಲ್ಲ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಯಲಹಂಕದ ಬಸ್ಸು ಹತ್ತಿದೆವು. ಹುಡುಗನ ತಾಯಿಯ ಎದುರು ಅಕ್ಕ ನಡೆದದ್ದನ್ನೆಲ್ಲ ಹೇಳಿದಳು; ಒಂದು ಮಾತೂ ಸೇರಿಸಲಿಲ್ಲ, ಅದು ಆಕೆಯ ಜೀವಮಾನದಲ್ಲಿ ಮೊದಲ ಸಲ. ಕೊನೆಗೆ ಅಂದಳು: "ಉಂಗುರ ವಾಪಸ್ ಕೊಟ್ಟಿದ್ದು ಹುಡ್ಗಿ ಒಳ್ಳೇತನ. ಗುಟ್ಟನ್ನ ದೇವ್ರ ಹೆಸ್ರಲ್ಲಿ ಬಿಚ್ಚಿಟ್ಟಿದ್ದು ನನ್ ಕೆಟ್ಟ ಬುದ್ಧಿ. ಬೈಯೋದಾದ್ರೆ ನನ್ನ ಬೈರಿ."

"ಇಷ್ಟೇನಾ?" ಅಂದರು ಆಕೆ.

"ಇಷ್ಟೇ."

ಅವರ ಮುಖದಲ್ಲಿ ಸಮಾಧಾನದ ಜೊತೆ ಕೊಂಚ ನಿರಾಸೆಯೂ ಕಂಡಂತಾಯಿತು.

ಮದುವೆ ಈಸ್ಟರ್ ಕಳೆದ ಮೇಲೆ ಯಲಹಂಕದಲ್ಲಿ ನಡೆಯಿತು. ಟೀಚರು ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದರು. ಅಕ್ಕನನ್ನು ಕರೆಯಲಿಲ್ಲ.